ತಣ್ಣೀರುಬಾವಿಯಿಂದ ಮಿರಾಮಾರ್‌ಗೆ: ಈಜಿ, ತುಳಿದು, ಓಡಿ ಬಂದದ್ದು

ಗೋವಾದ ಐರನ್‌ಮ್ಯಾನ್ 70.3 ಎಂಬ ಈಜು, ಸೈಕಲ್, ಓಟದ ರೇಸ್ ಮುಗಿಸಿ ಬಂದ ಮೇಲೆ ನಮ್ಮ ಮಂಗಳೂರಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಒಂದು, "ತೇಜಸ್ವಿ ಸೂರ್ಯ ಮಾಡಿದ್ದಲ್ವಾ, ಅದೇನಾ?" ಇನ್ನೊಂದು, "ಎಷ್ಟನೇ ಪ್ರೈಜ್ ಬಂತು?" ಮೊದಲನೆಯದಕ್ಕೆ ಉತ್ತರ ಹೌದು, ಅದೇ. ಅವರು 2024ರಲ್ಲಿ 8 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದರು. ಎರಡನೆಯದಕ್ಕೆ ಉತ್ತರ, ನಮ್ಮಂಥವರಿಗೆ ಪ್ರೈಜ್ ಇಲ್ಲ ಮಾರಾಯ್ರೆ. ಎಂಟೂವರೆ ಗಂಟೆಯೊಳಗೆ ಮುಗಿಸಿದರೆ ಒಂದು ಪದಕ, ಅಷ್ಟೇ.

ಅಪರೂಪಕ್ಕೆ ಒಬ್ಬಿಬ್ಬರು "ನಾವೂ ಹೋಗ್ಬಹುದಾ?" ಎಂದು ಕೇಳುತ್ತಾರೆ. ಇದನ್ನು ಬರೆಯುತ್ತಿರುವುದು ಅವರಿಗೆ.

ಲೆಕ್ಕ ಹೀಗಿದೆ. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಕೊನೆಗೆ 21.1 ಕಿಲೋಮೀಟರ್ ಓಟ. ಒಟ್ಟು 113. ಮೈಲಿಯಲ್ಲಿ ಎಣಿಸಿದರೆ 70.3, ಹೆಸರು ಬಂದದ್ದು ಅಲ್ಲಿಂದ. 1978ರಲ್ಲಿ ಹವಾಯಿಯಲ್ಲಿ ಶುರುವಾದ ಪೂರ್ತಿ ಐರನ್‌ಮ್ಯಾನ್‌ನ ಅರ್ಧ ಇದು. ಗೋವಾದಲ್ಲಿ ಮೊದಲು ನಡೆದದ್ದು 2019ರಲ್ಲಿ. ಕೋವಿಡ್‌ನಿಂದ ಎರಡು ವರ್ಷ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನಡೆಯುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಈ ತಿಂಗಳುಗಳನ್ನು ನೆನಪಿಡಿ, ಕರಾವಳಿಯವರಿಗೆ ಇದೇ ದೊಡ್ಡ ಸಮಸ್ಯೆ.

ನಮ್ಮ ಕ್ಲಬ್ಬಿನಿಂದ ಹೋದದ್ದು ಎಂಟು ಜನ. ಐವರು ಮೂರನ್ನೂ ಮಾಡುವವರು. ಉಳಿದ ಮೂವರು ರಿಲೇ. ಒಬ್ಬ ಈಜುವುದು, ಒಬ್ಬ ಸೈಕಲ್, ಒಬ್ಬ ಓಟ, ಕಾಲಿಗೆ ಕಟ್ಟುವ ಚಿಪ್ ಮಾತ್ರ ಕೈಯಿಂದ ಕೈಗೆ. ಮೊದಲ ವರ್ಷ ರಿಲೇ ಮಾಡಿ ನೋಡಿ ಎನ್ನುವುದು ನನ್ನ ಅಭಿಪ್ರಾಯ. ನಾನು ಹಾಗೆ ಮಾಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮಲ್ಲಿ ಹಿರಿಯರು ನಿವೃತ್ತ ಬ್ಯಾಂಕ್ ನೌಕರರು, ಎಲ್ಲರಿಗೂ ಅವರು ಮಾಮ್, ಅಂದರೆ ಮಾವ. ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರನ್ನು ಟೀಚರ್ ಎಂದೇ ಕರೆಯುತ್ತೇವೆ. ಎರಡು ವರ್ಷದ ಹಿಂದೆ ಅವರಿಗೆ ಈಜಲು ಬರುತ್ತಿರಲಿಲ್ಲ.

ಈಗ ಕಡಲಿನ ವಿಷಯ. ಮನೆ ಹತ್ತಿರವೇ ಸಮುದ್ರ ಇದೆ, ನಮಗೇನು ಕಷ್ಟ ಎಂದುಕೊಂಡೇ ನಾವೂ ಶುರು ಮಾಡಿದ್ದು. ಆದರೆ ಜೂನ್‌ನಿಂದ ಕಡಲಿಗೆ ಇಳಿಯುವ ಹಾಗೇ ಇಲ್ಲ. ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಪೂರ್ತಿ ದಡದಲ್ಲಿರುತ್ತವೆ. ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಆಗಿ ಹಾಲು, ತೆಂಗಿನಕಾಯಿ ಬಿಟ್ಟ ಮೇಲೂ ಅಲೆ ಪೂರ್ತಿ ತಗ್ಗಿರುವುದಿಲ್ಲ. ಅಂದರೆ ರೇಸಿಗೆ ಮೊದಲು ನಮಗೆ ಸಿಗುವುದು ನಾಲ್ಕೈದು ವಾರ. ಅಲ್ಲಿಯವರೆಗೆ ಲೇಡಿಹಿಲ್‌ನ ಮಂಗಳಾ ಈಜುಕೊಳ ಅಥವಾ ಎಮ್ಮೆಕೆರೆಯದು. ಎಮ್ಮೆಕೆರೆಯಲ್ಲಿ 50 ಮೀಟರ್ ಉದ್ದ ಸಿಗುತ್ತದೆ, ಪದೇ ಪದೇ ಗೋಡೆ ಒದ್ದು ಸುಧಾರಿಸಿಕೊಳ್ಳುವ ಅಭ್ಯಾಸ ತಪ್ಪುತ್ತದೆ. ಸಮುದ್ರದಲ್ಲಿ ಗೋಡೆ ಇಲ್ಲ ಅಲ್ವಾ.

ಸೆಪ್ಟೆಂಬರ್ ಕೊನೆಗೆ ತಣ್ಣೀರುಬಾವಿಯಲ್ಲಿ ಇಳಿಯಲು ಹೋದಾಗ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ತಡೆದರು. "ನೀರಿನ ಬಣ್ಣ ನೋಡಿ. ಕೆಂಪು ಹೋಗದೆ ಇಳೀಬೇಡಿ. ಅಳಿವೆ ಬಾಗಿಲಿನ ಕಡೆ ಅಂತೂ ಹೋಗ್ಲೇಬೇಡಿ." ನೇತ್ರಾವತಿ, ಗುರುಪುರ ಎರಡೂ ಹೊಳೆಗಳ ನೀರು ಅಲ್ಲಿ ಹೊರಬೀಳುತ್ತದೆ, ಸೆಳೆತ ಜೋರು. ಆ ಮಾತು ಗೋವಾದಲ್ಲಿ ಉಪಯೋಗಕ್ಕೆ ಬಂತು. ರೇಸ್ ನಡೆಯುವ ಮಿರಾಮಾರ್ ಬೀಚ್ ಇರುವುದೂ ಮಾಂಡೋವಿ ಹೊಳೆಯ ಅಳಿವೆಯಲ್ಲೇ. ನೀರು ಕಲಕು, ನಮ್ಮ ಕೈ ನಮಗೇ ಕಾಣುವುದಿಲ್ಲ. ಹಾಗಾಗಿ ಆರೇಳು ಸಲ ಕೈ ಬೀಸುವಷ್ಟರಲ್ಲಿ ಒಮ್ಮೆ ತಲೆ ಎತ್ತಿ ದಿಕ್ಕು ನೋಡುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ. ನಾವು ತೆಂಗಿನ ಮರವೊಂದನ್ನು ಗುರುತು ಇಟ್ಟುಕೊಂಡು ದಡಕ್ಕೆ ಸಮಾನಾಂತರವಾಗಿ ಈಜುತ್ತಿದ್ದೆವು. ಜೊತೆಗೆ ಒಂದು ಸಣ್ಣ ದೋಣಿ, ಎಲ್ಲರ ಸೊಂಟಕ್ಕೆ ಬಣ್ಣದ ಬಲೂನು. ಇವೆರಡೂ ಇಲ್ಲದೆ ಒಬ್ಬೊಬ್ಬರೇ ಇಳಿಯುವುದು ಬೇಡವೇ ಬೇಡ. ಜೆಲ್ಲಿ ಫಿಶ್ ತುರಿಕೆಗೆ ತೋಳು ಮುಚ್ಚುವ ಅಂಗಿ ಸಾಕು. ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ, ಅಂದರೆ ವೆಟ್‌ಸೂಟ್‌ಗೆ ದುಡ್ಡು ಹಾಕಬೇಡಿ. ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದಕ್ಕೆ ಅವಕಾಶವಿಲ್ಲ, ನಮ್ಮ ಅರಬ್ಬಿ ಕಡಲು ಅಷ್ಟು ತಣ್ಣಗಾಗುವುದೇ ಇಲ್ಲ.

ಸೈಕಲ್ಲಿಗೆ ನಮ್ಮ ಹೆದ್ದಾರಿ ಸಾಕು. ಬೆಳಿಗ್ಗೆ ಐದಕ್ಕೆ ಕೊಟ್ಟಾರ ಚೌಕಿ ಬಿಟ್ಟು ಕಾಪುವರೆಗೆ ಹೋಗಿ ತಿರುಗಿದರೆ 85ರ ಆಸುಪಾಸು. ದಾರಿಯಲ್ಲಿ ಬನ್ಸ್, ಚಹಾ. ಆದರೆ ಅದು ಸಪಾಟು ರಸ್ತೆ, ಪಣಜಿ ಸುತ್ತ ಏರಿಳಿತ ಉಂಟು. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಮೂಡುಬಿದಿರೆ, ಕಾರ್ಕಳ ಕಡೆ ಹೋಗಿ. ಓಟಕ್ಕೆ ಬಾವುಟಗುಡ್ಡೆ, ಕದ್ರಿ ಗುಡ್ಡ. ಬಿಸಿಲಲ್ಲಿ ಓಡುವ ಅಭ್ಯಾಸವೂ ಬೇಕು. ರೇಸ್ ದಿನ ನೀವು ಓಡಲು ಶುರು ಮಾಡುವ ಹೊತ್ತಿಗೆ ಗಂಟೆ ಹನ್ನೆರಡರ ಹತ್ತಿರ ಇರುತ್ತದೆ.

ಹೋಗುವುದು ಹೇಗೆ? ರೈಲಿನಲ್ಲಿ ಮಡಗಾಂವ್‌ಗೆ ಹೋಗುವುದು ಸುಲಭ, ಅಲ್ಲಿಂದ ಪಣಜಿಗೆ ಒಂದು ಗಂಟೆ. ರಿಲೇಯ ಈಜುಗಾರ, ಓಟಗಾರ ಇಬ್ಬರೂ ಹಾಗೇ ಬಂದರು. ಸೈಕಲ್ ಇದ್ದರೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಲಕ್ಷಗಟ್ಟಲೆ ಬೆಲೆಯ ಸೈಕಲನ್ನು ಹಾಗೆ ಕಳಿಸಲು ಮನಸ್ಸು ಬರಲಿಲ್ಲ. ಎರಡು ಕಾರು ಮಾಡಿದೆವು. ದಾರಿ 350 ಕಿಲೋಮೀಟರ್‌ಗೂ ಮೇಲೆ, ಊಟ ಸೇರಿ ಒಂಬತ್ತು ಗಂಟೆ ಇಟ್ಟುಕೊಳ್ಳಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಕಂಡಾಗ ಕಾರು ನಿಲ್ಲಿಸದವರು ಯಾರಿದ್ದಾರೆ? ನಾವೂ ನಿಲ್ಲಿಸಿದೆವು. ಆಗಲೇ ಹಿಂದೆ ಕಟ್ಟಿದ ಸೈಕಲ್‌ಗಳನ್ನು ಸರಿಯಾಗಿ ನೋಡಿದ್ದರೆ ಒಳ್ಳೆಯದಿತ್ತು.

ನೋಡಲಿಲ್ಲ. ಪಣಜಿಯಲ್ಲಿ ಇಳಿಸಿದಾಗ ನನ್ನ ಸೈಕಲಿನ ಹಿಂದಿನ ಗೇರ್ ಕಡ್ಡಿಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಪಕ್ಕದ ಸೈಕಲಿನ ಪೆಡಲ್ ಒತ್ತಿ, ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಗ್ಗಿತ್ತು. ಕಟ್ಟಿದವನು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ. ಹ್ಯಾಂಗರ್ ಪ್ರತಿ ಸೈಕಲ್ಲಿಗೂ ಬೇರೆ ಬೇರೆ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮೆಕ್ಯಾನಿಕ್ ಒಬ್ಬರು ನಿಧಾನಕ್ಕೆ ನೇರ ಮಾಡಿ, "ದೊಡ್ಡ ಗೇರಿಗೆ ಹಾಕ್ಬೇಡಿ, ಚಕ್ರಕ್ಕೆ ಸಿಕ್ಕೀತು" ಎಂದರು. ಇಡೀ ರೇಸನ್ನು ಏರಿನ ಗೇರ್ ಇಲ್ಲದೆ ತುಳಿದೆ. ನೂರು ಮಾತಿಗೆ ಒಂದು ಮಾತು: ನಿಮ್ಮ ಸೈಕಲಿನ ಹ್ಯಾಂಗರ್ ಒಂದನ್ನು ಹೆಚ್ಚಿಗೆ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪ್ರಯಾಣದಲ್ಲಿ ಗೇರ್ ಇರುವ ಬದಿಗೆ ಹಳೆ ಬೈರಾಸು (ಟವೆಲ್) ಸುತ್ತಿ.

ರೇಸಿನ ಹಿಂದಿನ ದಿನವೇ ಸೈಕಲನ್ನು ಟ್ರಾನ್ಸಿಷನ್‌ನಲ್ಲಿ, ಅಂದರೆ ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗದಲ್ಲಿ ಬಿಟ್ಟು ಬರಬೇಕು. ಬಿಸಿಲಿಗೆ ಟ್ಯೂಬ್ ಸಿಡಿಯಬಾರದೆಂದರೆ ಗಾಳಿ ಸ್ವಲ್ಪ ಇಳಿಸಿಡಿ, ಬೆಳಿಗ್ಗೆ ಪಂಪ್ ಹೊಡೆದರಾಯಿತು. ಊಟ ಮಾತ್ರ ನಮ್ಮದೇ. ಟೀಚರ್ ರೈಸ್ ಕುಕ್ಕರ್, ಕುಚ್ಚಲಕ್ಕಿ, ಉಪ್ಪಿನಕಾಯಿ ತಂದಿದ್ದರು. ಗೋವಾಕ್ಕೆ ಹೋಗಿ ಗಂಜಿ ಉಂಡು ಎಂಟೂವರೆಗೆ ಮಲಗಿದವರು ನಾವೇ ಇರಬೇಕು. ಮರುದಿನ ಯಾರ ಹೊಟ್ಟೆಯೂ ಕೆಡಲಿಲ್ಲ.

ಬೆಳಿಗ್ಗೆ ದಡದಲ್ಲಿ ನಿಂತಾಗ ಎಂಟೂ ಜನ ಒಟ್ಟಿಗೆ ಇದ್ದೆವು. ಆಮೇಲೆ ಇಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಿ, ಕ್ಲಬ್ಬಿನವರು ಜೊತೆಗಿರುತ್ತಾರೆ ಎಂಬ ಧೈರ್ಯ ರೇಸಿನೊಳಗೆ ನಡೆಯುವುದಿಲ್ಲ. ಎಲ್ಲರನ್ನೂ ಒಮ್ಮೆಲೇ ಬಿಡುವುದಿಲ್ಲ, ಕೆಲವು ಸೆಕೆಂಡಿಗೊಮ್ಮೆ ಕೆಲವರನ್ನು ಬಿಡುತ್ತಾರೆ. ನಿಮ್ಮ ಸಮಯ ಶುರುವಾಗುವುದು ನೀವು ಹೊರಟಾಗ. ಸೈಕಲ್ಲಿನಲ್ಲಿ ಮುಂದಿನವರಿಂದ 12 ಮೀಟರ್ ದೂರ ಇರಬೇಕು, ದಾಟುವುದಾದರೆ 25 ಸೆಕೆಂಡಿನೊಳಗೆ ದಾಟಿಬಿಡಬೇಕು. ಗೆಳೆಯನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹೋದರೆ ಐದು ನಿಮಿಷ ಸುಮ್ನೆ ನಿಲ್ಲಿಸುತ್ತಾರೆ. ಹೊರಗಿನವರ ಕೈಯಿಂದ ನೀರು ಕೂಡ ತಗೊಳ್ಳುವ ಹಾಗಿಲ್ಲ. ಭಾನುವಾರದ ಸವಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಿಯೇ ಅಭ್ಯಾಸವಾದ ನಮಗೆ ಇದು ಕಷ್ಟವಾಯಿತು. ಕೊನೆಯ ಎರಡು ತಿಂಗಳಾದರೂ ಬಿಟ್ಟು ಬಿಟ್ಟು ತುಳಿಯಿರಿ.

ಈಜಿಗೆ 1 ಗಂಟೆ 10 ನಿಮಿಷ ಕಟ್‌ಆಫ್. ಸೈಕಲ್ ಮುಗಿಯುವಾಗ ಒಟ್ಟು 5 ಗಂಟೆ 30 ನಿಮಿಷ ದಾಟಿರಬಾರದು. ನಾನು ನೀರಿನಿಂದ ಎದ್ದಾಗ 52 ನಿಮಿಷ. ಸೈಕಲ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಗೇರಿನ ಕಥೆ ಆಗಲೇ ಹೇಳಿದೆ. ಗಂಟೆಗೊಂದು ಬಾಟಲಿ ಉಪ್ಪು ಸಕ್ಕರೆ ನೀರು, ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಲು, ಹಸಿವಾಗುವವರೆಗೆ ಕಾಯಬೇಡಿ.

ಓಟದಲ್ಲಿ ನಿಜವಾದ ಪರೀಕ್ಷೆ. ದೋನಾ ಪಾವ್ಲಾ ಕಡೆಯ ಏರಿನಲ್ಲಿ ಮಾಮ್ ಸಿಕ್ಕಿದರು. ಓಡುತ್ತಿರಲಿಲ್ಲ, ಟೊಪ್ಪಿಯೊಳಗೆ ಐಸ್ ತುಂಬಿಕೊಂಡು ಬಿರಬಿರನೆ ನಡೆಯುತ್ತಿದ್ದರು. "ಏರಲ್ಲಿ ನಡಿ, ಇಳಿಜಾರಲ್ಲಿ ಓಡು. ಬಡ್ಡಿ ಕಡಿಮೆ ಬೀಳ್ತದೆ." ಬ್ಯಾಂಕಿನವರ ಲೆಕ್ಕ. ಅದನ್ನೇ ಮಾಡಿದೆ, 7 ಗಂಟೆ 41 ನಿಮಿಷಕ್ಕೆ ಮುಗಿಯಿತು. ಮಾಮ್ ನನಗಿಂತ ಆರು ನಿಮಿಷ ಮೊದಲು.

ರೇಸ್ ಶುರುವಾಗಿ ಎಂಟು ಗಂಟೆ ಆದಾಗ ಏಳು ಜನ ಬೇಲಿಯ ಪಕ್ಕ ನಿಂತಿದ್ದೆವು. ಟೀಚರ್ ಇಲ್ಲ. ಎಂಟು ಹತ್ತು. ಎಂಟು ಹದಿನೈದು. ಫೋನಿನ ಆ್ಯಪ್ ಅವರು ಕೊನೆಯ ಸುತ್ತಿನಲ್ಲಿದ್ದಾರೆ ಎನ್ನುತ್ತಿತ್ತು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ತಿರುವಿನಲ್ಲಿ ಕೆಂಪು ಟೊಪ್ಪಿ ಕಂಡಿತು. ಒಳಗೆ ಹೋಗಿ ಜೊತೆಗೆ ಓಡುವಂತಿಲ್ಲ. ಬೇಲಿಯ ಈಚೆಯಿಂದಲೇ ಎಲ್ಲರೂ "ಬಲೆ ಟೀಚರ್, ಬಲೆ ಬಲೆ!" ಎಂದು ಕೂಗಿದೆವು, ತುಳುವಿನಲ್ಲಿ ಬನ್ನಿ ಬನ್ನಿ ಅಂತ. ಪಕ್ಕದ ಮರಾಠಿ ಮಂದಿಗೆ ಅರ್ಥವಾಗದಿದ್ದರೂ ಅವರೂ "ಬಲೆ ಬಲೆ" ಶುರು ಮಾಡಿದರು. 8 ಗಂಟೆ 24 ನಿಮಿಷ. ಟೀಚರ್ ನಮ್ಮನ್ನು ನೋಡಿದ್ದೇ ಇಲ್ಲವಂತೆ, ಕಣ್ಣಿಗೆ ಬೆವರು ಇಳಿದು ಬರೀ ತುಳು ಕೇಳಿಸಿತ್ತಂತೆ.

ಉಳಿದದ್ದು ಸಣ್ಣ ಮಾತು. ರೂಮು ನೆಲಮಹಡಿಯಲ್ಲೇ ಕೇಳಿ ತಗೊಳ್ಳಿ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಟೀಚರ್ ಮೆಟ್ಟಿಲನ್ನು ಕೂತು ಕೂತು ಹಿಂದಕ್ಕೆ ಹತ್ತಿದರು. ಸೋಮವಾರ ರಜೆ ಹಾಕಿ, ಅದೇ ರಾತ್ರಿ ಕಾರು ಓಡಿಸಿಕೊಂಡು ಬರುವ ಸಾಹಸ ಬೇಡ. ಕ್ಲಚ್ ಒತ್ತಿದರೆ ಮೀನಖಂಡ ಹಿಡಿಯುತ್ತದೆ.

ಬರುವಾಗ ಕಾರವಾರದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದರು. ಗೋವಾದಿಂದ ಬರುವವರ ಡಿಕ್ಕಿಯಲ್ಲಿ ಏನು ಹುಡುಕುತ್ತಾರೆ ಅಂತ ಗೊತ್ತಲ್ಲ. ಸಿಕ್ಕಿದ್ದು ಒದ್ದೆ ಬಟ್ಟೆಯ ಚೀಲ, ಅರ್ಧ ಮುಗಿದ ಉಪ್ಪಿನಕಾಯಿ ಬಾಟಲಿ, ಐದು ಪದಕ. ಸಿಬ್ಬಂದಿ ಪದಕ ಎತ್ತಿ ತಿರುಗಿಸಿ ನೋಡಿದರು.

"ಎಷ್ಟು ಕಿಲೋಮೀಟರ್ ರೀ ಇದು?"

"ನೂರ ಹದಿಮೂರು ಸಾರ್."

"ದುಡ್ಡು ಕೊಟ್ಟು ಮಾಡೋದಾ?"

ಮಾಮ್ ಹಿಂದಿನ ಸೀಟಿನಿಂದ ಹೌದು ಎಂದರು. ಅವರು ಡಿಕ್ಕಿ ಮುಚ್ಚಿ, ಹೋಗಿ ಎಂದು ಕೈ ಬೀಸಿದರು.