ಓಬವ್ವನ ಕಿಂಡಿಯಲ್ಲಿ ಲೇಹ್‌ನ ಗೋಲ್‌ಕೀಪರ್

ದಾವಣಗೆರೆಯವರು ಚಿತ್ರದುರ್ಗಕ್ಕೆ ಹೋಗೋದನ್ನ ಪ್ರವಾಸ ಅಂತ ಯಾರೂ ಕರೆಯಲ್ಲ. ಬೆಂಗಳೂರು ಬಸ್ಸಿನಲ್ಲಿ ಕೂತಾಗ ಕಿಟಕಿಯಲ್ಲಿ ಬಂಡೆ ಗುಡ್ಡ, ಗಾಳಿಯಂತ್ರ ಕಾಣುತ್ತೆ, ಅಷ್ಟರಲ್ಲಿ ನಿದ್ದೆ ಬರುತ್ತೆ. ಅರವತ್ತು ಕಿಲೋಮೀಟರ್ ದೂರದ ಊರಿನ ಬಗ್ಗೆ ನಾನು ಬರೆಯೋಕೆ ಕೂತಿದ್ದೀನಿ ಅಂದರೆ, ಕಾರಣ ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕಿ ಆಟ.

ಅಕ್ಕನ ಮಗಳು ದಾವಣಗೆರೆಯಲ್ಲಿ ಡೆಂಟಲ್ ಓದುತ್ತಿದ್ದಾಳೆ. ಹಾಸ್ಟೆಲ್‌ನಲ್ಲಿ ಅವಳ ಜೊತೆಗಾತಿ ಲಡಾಖಿನ ಲೇಹ್‌ನವಳು. ಇಬ್ಬರಿಗೂ ರಜೆ ಇತ್ತು. "ಮಾವ, ಇವಳಿಗೆ ಕೋಟೆ ತೋರಿಸೋಣ" ಅಂತ ಹಟ ಹಿಡಿದಳು. ಹೊರಟೆವು.

ಮೊದಲು ಒಂದು ಎಚ್ಚರಿಕೆ. ಬಸ್ ಹತ್ತೋ ಮುಂಚೆ "ಊರೊಳಗೆ ಹೋಗುತ್ತಾ?" ಅಂತ ಕೇಳಿ. ಕಂಡಕ್ಟರ್ "ಹ್ಞೂಂ" ಅಂದರೆ ಇನ್ನೊಂದು ಸಲ ಕೇಳಿ. ನಾವು ಹತ್ತಿದ ಬಸ್ಸಿನವನು ಎರಡು ಸಲ ಹ್ಞೂಂ ಅಂದು, ಬೈಪಾಸ್ ಸೇತುವೆ ಹತ್ತಿರ ಇಳಿಸಿ ಹೋದ. ಅಲ್ಲಿಂದ ಆಟೋದವನು ಕೇಳಿದ ದುಡ್ಡು ದಾವಣಗೆರೆಯಿಂದ ಬಂದ ಬಸ್ ಚಾರ್ಜಿಗಿಂತ ಜಾಸ್ತಿ. ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ. ಆಮೇಲೆ ತಿಂಡಿಗೆ ಕೂತ ಕಡೆ "ಬೆಣ್ಣೆ ದೋಸೆ" ಅಂತ ತಂದಿಟ್ಟರು. ಅದರ ಬಗ್ಗೆ ದಾವಣಗೆರೆಯವನು ಮಾತಾಡದೇ ಇರೋದೇ ಒಳ್ಳೆಯದು.

ಕೋಟೆ ಮಾತ್ರ ಕೋಟೆಯೇ. ಏಳು ಸುತ್ತು, ಗುಂಡು ಬಂಡೆಗಳ ನಡುವೆ ತಿರುಗಿ ತಿರುಗಿ ಹೋಗುವ ಬಾಗಿಲುಗಳು. ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ ಎಲ್ಲ ನೋಡಿದೆವು. ಬೆಳಿಗ್ಗೆ ಬೇಗ ಹತ್ತಿ. ಹನ್ನೊಂದರ ಮೇಲೆ ಬಂಡೆ ಕಾದು ಕಾಲು ಇಡೋಕಾಗಲ್ಲ. ಹುಡುಗಿಗೆ ಏದುಸಿರೇ ಇಲ್ಲ. ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಊರಲ್ಲಿ ಬೆಳೆದವಳಿಗೆ ನಮ್ಮ ಗುಡ್ಡ ಎಷ್ಟರದ್ದು? ಬಿಸಿಲು ಮಾತ್ರ ಅವಳಿಗೆ ಆಗಲಿಲ್ಲ. ದುಪಟ್ಟಾ ತಲೆಗೆ ಸುತ್ತಿಕೊಂಡು ನಡೆದಳು.

ತಣ್ಣೀರು ದೋಣಿ ಅನ್ನೋ ನೀರಿನ ತಾಣ ದಾಟಿ ಓಬವ್ವನ ಕಿಂಡಿಗೆ ಬಂದಾಗ ಕಥೆ ಹೇಳಿದೆ. ಕಾವಲಿನವನು ಊಟಕ್ಕೆ ಕೂತಿದ್ದು, ಅವನ ಹೆಂಡತಿ ನೀರಿಗೆ ಬಂದಿದ್ದು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ತಲೆ ಒಂದೊಂದಾಗಿ ಕಂಡಿದ್ದು, ಒನಕೆ ಎತ್ತಿದ್ದು. ನನ್ನ ಹರಕು ಹಿಂದಿಯಲ್ಲಿ ಒನಕೆಗೆ ಏನನ್ನಬೇಕೋ ತಿಳಿಯದೆ ಕೈಯಲ್ಲೇ ಕುಟ್ಟಿ ತೋರಿಸಿದೆ.

ಹುಡುಗಿ ಕಥೆ ಕೇಳಿ ಸುಮ್ಮನಿರಲಿಲ್ಲ. ಬ್ಯಾಗು ಕೆಳಗಿಟ್ಟು ಕಿಂಡಿಗೆ ಮುಖ ಮಾಡಿ ನಿಂತಳು. ಮಂಡಿ ಬಗ್ಗಿಸಿದಳು. ಎಡಗೈ ಹಿಂಭಾಗದಿಂದ ಎಡದ ಬಂಡೆಗೆ ಒಂದು ತಟ್ಟು, ಬಲಗೈಯಿಂದ ಬಲದ ಬಂಡೆಗೆ ಒಂದು ತಟ್ಟು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದಳು.

"ಮಾವ, ನಾನು ಗೋಲ್‌ಕೀಪರ್" ಅಂದಳು, ಕನ್ನಡದಲ್ಲೇ. ಅಕ್ಕನ ಮಗಳಿಗೂ ಗೊತ್ತಿರಲಿಲ್ಲವಂತೆ! ವರ್ಷಗಟ್ಟಲೆ ಒಂದೇ ರೂಮಿನಲ್ಲಿ ಇದ್ದು ಏನು ಮಾತಾಡುತ್ತಾರೋ ಈ ಹುಡುಗಿಯರು.

ಅಲ್ಲಿಂದ ನಮ್ಮ ಕೋಟೆ ನೋಡೋದು ನಿಂತು ಹೋಯಿತು. ನೆರಳಿದ್ದ ಗುಂಡಿನ ಬುಡದಲ್ಲಿ ಕೂತೆವು. ಹಾಕಿ ಅಂದರೆ ನನಗೆ ಗೊತ್ತಿದ್ದದ್ದು ಕೊಡಗಿನ ಹಾಕಿ. ಇದು ಬೇರೆಯದೇ. ಒಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರೇ ಜನ ಮಂಜಿನ ಮೇಲೆ. ಇಪ್ಪತ್ತು ನಿಮಿಷದ ಮೂರು ಅವಧಿ. ಗೋಲ್‌ಕೀಪರ್ ಬಿಟ್ಟು ಒಬ್ಬೊಬ್ಬರು ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಬರುತ್ತಾರೆ, ಇನ್ನೊಬ್ಬರು ಇಳಿಯುತ್ತಾರೆ. ಚೆಂಡಿನ ಜಾಗದಲ್ಲಿ ಪಕ್, ಗಟ್ಟಿ ರಬ್ಬರಿನದು, ಸಣ್ಣ ಅಚ್ಚು ಬೆಲ್ಲದಷ್ಟು. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಆಟಕ್ಕೆ ಮುಂಚೆ ಅದನ್ನ ಫ್ರೀಜ್ ಮಾಡಿಡುತ್ತಾರಂತೆ, ಪುಟಿಯಬಾರದು ಅಂತ. ದೊಡ್ಡ ಆಟಗಾರರು ಹೊಡೆದರೆ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗ ದಾಟುತ್ತೆ.

"ಅದಕ್ಕೆ ಎದುರು ನಿಲ್ಲೋಕೆ ಹೆದರಿಕೆ ಆಗಲ್ವಾ?"

"ಪಕ್ ಕಂಡರೆ ಹೆದರಿಕೆ ಇಲ್ಲ ಮಾವ. ಕಾಣದೇ ಇದ್ದಾಗ."

ಗೋಲು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ನೆಲದ ಮೇಲೆ ಕಲ್ಲಿನ ಚೂರಿನಿಂದ ಗೀಚಿ ತೋರಿಸಿದಳು. ನಾಲ್ಕು ಮೂಲೆಗೆ ನಾಲ್ಕು ನಂಬರು. ಐದನೆಯದು ಕೀಪರ್ ಕಾಲುಗಳ ನಡುವಿನ ಸಂದು. "ಎಲ್ಲರೂ ಐದಕ್ಕೇ ಹೊಡೆಯೋದು" ಅಂತ ನಕ್ಕಳು. ಅದಕ್ಕೇ ಮಂಡಿ ಊರಿ, ಎರಡೂ ಪ್ಯಾಡನ್ನ ಅಗಲಕ್ಕೆ ಚೆಲ್ಲಿ ಕೂರಬೇಕು. ಮುಂದೆ ಬಂದಷ್ಟೂ ಹೊಡೆಯುವವನಿಗೆ ಗೋಲು ಸಣ್ಣದಾಗಿ ಕಾಣುತ್ತೆ. ಆದರೆ ಹಿಂದೆ ತಿರುಗಿ ನೋಡೋಕೆ ಹೊತ್ತಿರಲ್ಲ. ಕಂಬಕ್ಕೆ ಕೋಲು ತಟ್ಟಿ, ಎಲ್ಲಿದ್ದೀನಿ ಅಂತ ತಿಳಿದುಕೊಳ್ಳಬೇಕು. ಬಂಡೆಗೆ ತಟ್ಟಿದ್ದು ಆ ಅಭ್ಯಾಸ.

ಕಿಂಡಿ ಕಡೆ ಇನ್ನೊಮ್ಮೆ ನೋಡಿ ಅವಳು ಹೇಳಿದ್ದು: "ಓಬವ್ವನದು ಒಳ್ಳೇ ಜಾಗ. ಒಬ್ಬೊಬ್ಬರೇ ಬರಬೇಕು. ಮುಂದೆ ಯಾರೂ ಅಡ್ಡ ನಿಲ್ಲಲ್ಲ. ತಡೆದ ಪಕ್ ಪುಟಿದು ವಾಪಸ್ ಹೋಗೋ ಹಾಗೆ ರಿಬೌಂಡೂ ಇಲ್ಲ!"

ಇಷ್ಟು ವರ್ಷ ಆ ಕಿಂಡಿ ಮುಂದೆ ಎಷ್ಟೋ ಗೈಡ್‌ಗಳ ಭಾಷಣ ಕೇಳಿದ್ದೀನಿ. ಇಂಥ ಮಾತು ಯಾರೂ ಆಡಿರಲಿಲ್ಲ.

ಅವಳ ಊರಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆರೆ ಕುಂಟೆ ಹೆಪ್ಪುಗಟ್ಟಿದಾಗ ಆಟ. ಹಿಂದೆ ಮಿಲಿಟರಿ ಬೂಟಿಗೆ ಕಬ್ಬಿಣದ ಪಟ್ಟಿ ಬಡಿದು ಆಡುತ್ತಿದ್ದವರ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು. ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಸೇರಿದ್ದು 1989ರಲ್ಲಿ. ಹೆಂಗಸರ ತಂಡ ಮೊದಲ ಸಲ ಹೊರಗೆ ಆಡಿದ್ದು 2016ರಲ್ಲಿ, ತೈಪೆಯಲ್ಲಿ. ಹೋಗೋಕೆ ದುಡ್ಡಿಲ್ಲದೆ ಜನರಿಂದ ಚಂದಾ ಎತ್ತಿದರು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ವಿರುದ್ಧ 4–3ರಿಂದ ಮೊದಲ ಗೆಲುವು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು. ಈ ಸಾಲುಗಳನ್ನ ಅವಳು ತಡೆಯಿಲ್ಲದೆ ಹೇಳಿದಳು. ನಾವು 1983ರ ವರ್ಲ್ಡ್ ಕಪ್ ಹೇಳ್ತೀವಲ್ಲ, ಹಾಗೆ.

"ನೀನೂ ಭಾರತಕ್ಕೆ ಆಡ್ತೀಯಾ?"

"ನಾನು ಇಲ್ಲಿ ಹಲ್ಲು ಕೀಳೋದು ಕಲೀತಿದ್ದೀನಲ್ಲ. ಆಟದ ತಿಂಗಳಲ್ಲೇ ನಮಗೆ ಪರೀಕ್ಷೆ. ತಮ್ಮ ಇದ್ದಾನೆ, ಅವನೂ ಗೋಲ್‌ಕೀಪರ್. ಅವನಿಗೆ ಇನ್ನೂ ವಯಸ್ಸಿದೆ."

ಐಸ್ ಹಾಕಿಯಲ್ಲಿ ಹುಡುಗರಿಗೆ ಅಂಡರ್ 18, ಅಂಡರ್ 20 ಅಂತ ಬೇರೆ ಬೇರೆ ವಿಶ್ವ ಚಾಂಪಿಯನ್‌ಶಿಪ್ ಇವೆ. ಅಂಡರ್ 20ರದ್ದು 1977ರಿಂದ ನಡೀತಿದೆ. ಮೇಲಿನ ಹಂತದಲ್ಲಿ ಹತ್ತೇ ದೇಶ. ಕೊನೆಗೆ ಬಂದವರು ಕೆಳಗಿನ ಹಂತಕ್ಕೆ, ಕೆಳಗೆ ಗೆದ್ದವರು ಮೇಲಕ್ಕೆ. ಸಾಮಾನ್ಯವಾಗಿ ಡಿಸೆಂಬರ್ 26ಕ್ಕೆ ಶುರುವಾಗುತ್ತೆ. ಅತಿ ಹೆಚ್ಚು ಸಲ ಗೆದ್ದಿರೋದು ಕೆನಡಾ. ಹಾಸ್ಟೆಲ್‌ನಲ್ಲಿ ದೀಪ ಆರಿಸಿದ ಮೇಲೆ ರಗ್ಗಿನೊಳಗೆ ಫೋನ್ ಹಿಡಿದು ಅದನ್ನ ನೋಡುತ್ತಾಳೆ. "ನೀನು ಯಾರ ಜೊತೆಗೋ ಮಾತಾಡ್ತಿದ್ದೀಯ ಅಂದ್ಕೊಂಡಿದ್ದೆ" ಅಂದಳು ನಮ್ಮ ಹುಡುಗಿ.

"ಆ ಹತ್ತು ದೇಶದಲ್ಲಿ ನಾವು ಬರೋದು ಯಾವಾಗ?" ಅಂತ ಕೇಳಿದೆ.

ಅವಳು ಲೆಕ್ಕ ಹಾಕುವವಳ ಹಾಗೆ ಬೆರಳು ಮಡಿಸಿದಳು. "ಆ ದೇಶದ ಹುಡುಗರು ನಾಲ್ಕು ವರ್ಷಕ್ಕೇ ಸ್ಕೇಟ್ ಕಟ್ಟುತ್ತಾರೆ, ಅವರಿಗೆ ಸೂರಿನ ಕೆಳಗೆ ಮಂಜು ಇರುತ್ತೆ. ನಮ್ಮ ತಮ್ಮ ವರ್ಷಕ್ಕೆ ಎರಡು ತಿಂಗಳು ಆಡ್ತಾನೆ. ಅವರ ಒಂದು ವರ್ಷ ನಮಗೆ ಐದು ವರ್ಷ ಅಲ್ವಾ?" ಡೆಹ್ರಾಡೂನ್‌ನ ರಿಂಕ್ (ಸೂರಿನ ಕೆಳಗಿನ ಐಸ್ ಅಂಗಳ) 2011ರಲ್ಲಿ ಕಟ್ಟಿ ವರ್ಷಗಟ್ಟಲೆ ಬಾಗಿಲು ಹಾಕಿದ್ದು, 2025ರಲ್ಲಿ ಮತ್ತೆ ತೆರೆದಿದ್ದು ಹೇಳುವಾಗ ಮಾತ್ರ ಅವಳ ದನಿಯಲ್ಲಿ ಸಿಟ್ಟಿತ್ತು. ನಗುತ್ತಲೇ ಹೇಳಿದಳು, ಆದರೂ ಸಿಟ್ಟೇ.

ಚಂದ್ರವಳ್ಳಿಗೆ ಹೋದೆವು, ಕತ್ತಲ ಗುಹೆ ಇಳಿದು ಹತ್ತಿದೆವು. ಒನಕೆ ಓಬವ್ವನ ಹೆಸರಿನ ಕ್ರೀಡಾಂಗಣ ದುರ್ಗದಲ್ಲಿದೆ ಅಂದಾಗ "ಐಸ್ ಇದೆಯಾ?" ಅಂತ ಕೇಳಿದಳು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಇದೆ ಅಂದೆ.

ವಾಪಸ್ ಬರುವಾಗ ಸ್ಟ್ಯಾಂಡಿನಲ್ಲೇ ಬಸ್ ಹತ್ತಿದೆವು. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡಿದ್ದೆವು. ಹುಡುಗಿ ನನಗಿಂತ ಖಾರ ತಿಂತಾಳೆ. ಜನವರಿಯಲ್ಲಿ ಲೇಹ್‌ಗೆ ಬನ್ನಿ, ತಮ್ಮನ ಆಟ ನೋಡಬಹುದು, ಮನೆಯಲ್ಲೇ ಉಳಿದುಕೊಳ್ಳಿ ಅಂದಳು. ರಾತ್ರಿ ಮೈನಸ್ ಇಪ್ಪತ್ತು ಇರುತ್ತಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ದೀಪಾವಳಿ ಚಳಿಗೇ ಕಿವಿಗೆ ಮಫ್ಲರ್ ಸುತ್ಕೊಳ್ಳೋರು ನೀವು" ಅಂದಳು. "ಟಿಕೆಟ್ ಎಷ್ಟಂತೆ?"