ಗೊನೆ ತುದಿಯ ಗುಂಡಿಗೆ

ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರು ಹೇಳಿಕೊಟ್ಟ ಸಂಧಿ, ಸಮಾಸ ಒಂದೂ ತಲೆಯಲ್ಲಿಲ್ಲ. ಉಳಿದಿರುವುದು ಶನಿವಾರದ ಕೊನೆಯ ಪೀರಿಯಡ್ಡು. ಪುಸ್ತಕ ಮುಚ್ಚಿಸಿ, ಎಲ್ಲರಿಗೂ ಗೊತ್ತಿರುವ ಕಥೆಯೊಂದನ್ನು ಎತ್ತಿಕೊಂಡು, "ಇದರಲ್ಲಿರೋ ಹಣ್ಣು ತೆಗೀರಿ, ಬಾಳೆಹಣ್ಣು ಇಡಿ. ಕಥೆ ನಿಲ್ಲುತ್ತೋ ಬೀಳುತ್ತೋ ನೋಡೋಣ" ಅನ್ನುತ್ತಿದ್ದರು.

ನರಿ ದ್ರಾಕ್ಷಿಯ ಕಥೆ ಬೇಗ ಮುಗಿಯಿತು. "ಹುಳಿ" ಅನ್ನುವ ಬದಲು ನರಿ "ಒಗರು" ಎಂದು ಗೊಣಗಿಕೊಂಡು ಹೋಯಿತು, ಅಷ್ಟೇ. ಕೋತಿ ಮೊಸಳೆಯ ಕಥೆಗೆ ಮಾತ್ರ ಮೂರು ಶನಿವಾರ ಹಿಡಿಯಿತು. ನೇರಳೆ ಮರದಿಂದ ದಿನವೂ ಹಣ್ಣು ಬೀಳುತ್ತದೆ, ಸ್ನೇಹ ಬೆಳೆಯುತ್ತದೆ. ಬಾಳೆ ಒಂದೇ ಗೊನೆ ಹಾಕಿ ಸಾಯುವ ಗಿಡ. "ಗೊನೆ ಮುಗಿದ ಮೇಲೆ ಮೊಸಳೆ ಬರ್ತದೇನ್ರೋ?" ಎಂದು ಕೇಳಿ, ಸೀಮೆಸುಣ್ಣ ಬೆರಳಲ್ಲಿ ಉರುಳಿಸುತ್ತ ಕಿಟಕಿಯ ಹತ್ತಿರ ನಿಂತುಬಿಟ್ಟರು. ತರಗತಿ ಎರಡು ಪಕ್ಷವಾಗಿ ಕಿತ್ತಾಡಿತು.

ಆಮೇಲೆ ಗುಂಡಿಗೆಯ ವಿಷಯ. ಮರದ ಮೇಲೆ ಬಿಟ್ಟುಬಂದೆ ಅಂದರೆ ಮೊಸಳೆ ನಂಬುವುದು ಹೇಗೆ? ನಾನೆದ್ದು, "ಗೊನೆ ತುದೀಲಿ ಬಾಳೆಮೂತಿ ನೇತಾಡ್ತಿರುತ್ತಲ್ಲ ಸಾರ್, ಕೆಂಪಗೆ, ಗುಂಡಿಗೆ ಥರಾನೇ. ಅದನ್ನೇ ತೋರಿಸುತ್ತೆ" ಅಂದೆ. ಮೇಷ್ಟ್ರು ಮಾತಾಡದೆ ಬೋರ್ಡಿನ ಮೇಲೆ ಬಾಳೆಮೂತಿ ಬಿಡಿಸಿ, ಅದರೊಳಗೆ ನನ್ನ ಹೆಸರು ಬರೆದರು. ಪಂಚತಂತ್ರದ ಕೋತಿ ನೇರಳೆ ಮರದ್ದು; ಜಾತಕ ಕಥೆಯ ಕೋತಿ ಅತ್ತಿಹಣ್ಣುಗಳನ್ನು ತೋರಿಸಿ, ಅವೇ ಗುಂಡಿಗೆಗಳೆಂದು ನಂಬಿಸಿ ಪಾರಾಗುತ್ತದೆ ಎಂದು ಹೇಳಿದ್ದು ಆಮೇಲೆ. ಓದದೆಯೇ ಅದರ ಹತ್ತಿರಕ್ಕೆ ಹೋಗಿದ್ದೆನಲ್ಲ ಎಂಬ ಹೆಮ್ಮೆ ನನಗೆ ಇಂದಿಗೂ ಇದೆ. ಮಕ್ಕಳಿಗಾಗಿ ನಾನು ಬರೆದ ಕಥೆಗಳೆಲ್ಲ ಹುಟ್ಟಿದ್ದು ಆ ದಿನವೇ.

ತಪಾಸಣೆಗೆ ಬಂದ ಅಧಿಕಾರಿ ಕೋತಿ ಕೊಟ್ಟದ್ದು ಯಾವ ಹಣ್ಣು ಎಂದಾಗ, ಮೊದಲೇ ಕಣ್ಸನ್ನೆ ಮಾಡಿಕೊಂಡಿದ್ದ ನಾವೆಲ್ಲ "ಬಾಳೆಹಣ್ಣು!" ಎಂದು ಒಕ್ಕೊರಲಿನಿಂದ ಕೂಗಿದೆವು. ಅದಕ್ಕಾಗಿ ಮೇಷ್ಟ್ರು ಲಿಖಿತ ವಿವರಣೆ ಕೊಡಬೇಕಾಯಿತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮೇಲೆ ಅವರು ಒಂದು ದಿನವೂ ರೇಗಲಿಲ್ಲ.

ಈಗ ಮೊಮ್ಮಗಳ ಪ್ರಶ್ನೆಪತ್ರಿಕೆಯಲ್ಲೂ ಅದೇ ಕಥೆ. ನಾಲ್ಕು ಹಣ್ಣಿನ ಹೆಸರು ಕೊಟ್ಟು, ಸರಿಯಾದದ್ದಕ್ಕೆ ಗುರುತು ಹಾಕಿ ಎಂದಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ಅದನ್ನು ಪಕ್ಕಕ್ಕಿಟ್ಟು ಮೇಷ್ಟ್ರ ಹಳೆಯ ಪ್ರಶ್ನೆಯನ್ನು ಅವಳಿಗೆ ಕೇಳಿದೆ. ಪೆನ್ಸಿಲ್ ಕಚ್ಚುತ್ತ ಕೂತವಳು, "ಬುಡದಲ್ಲಿ ಮರಿಗಿಡ ಇರುತ್ತಲ್ಲ ತಾತ, ಅದು ಗೊನೆ ಹಾಕೋವರೆಗೂ ಮೊಸಳೆ ಕಾಯುತ್ತೆ" ಅಂದಳು.

ಮೇಷ್ಟ್ರು ಇದನ್ನು ಕೇಳಬೇಕಿತ್ತು.