ನೋಟಿಸ್ ನಮಗೆ ಬಂತು, ಅವರಿಗೆ ಬರಲಿಲ್ಲ

"ಪಕ್ಕದ ಜಾಗದಲ್ಲಿ ಹಳೇ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ನಿಮ್ಮ ಅಭಿಪ್ರಾಯ ಏನು ಅಂತ ನಮಗೆ ಕಾಗದ ಬಂದಿದೆ" ಎಂದು ಮೊನ್ನೆ ಕೊಡಗಿನ ಮಾದಾಪುರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮನಿಗೆ ಆಶ್ಚರ್ಯ. "ಯಾರದೋ ಜಾಗಕ್ಕೆ ನಿನ್ನನ್ನು ಯಾಕೆ ಕೇಳ್ತಾರೆ?" ಅಂದರು. ಉತ್ತರ ಫೋನಿನಲ್ಲಿ ಮುಗಿಯಲಿಲ್ಲ. ಊರಿನ ಎಲ್ಲರಿಗೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ನಗರದ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಮನೆ ಹಿಂದೆ ಒಂದು ತೋಡು ಹರಿಯುತ್ತದೆ. ಅದೇ ನಮ್ಮ ಗಡಿ. ಆಚೆ ಬದಿಯಲ್ಲಿ ಇಟ್ಟಿಗೆಯ 12 ಹಳೇ ಬಾಡಿಗೆ ಮನೆಗಳಿವೆ. ಅವನ್ನು ತೆಗೆದು 44 ಟೌನ್‌ಹೋಮ್ ಕಟ್ಟಬೇಕೆಂದು ಡೆವಲಪರ್ ಒಬ್ಬರು ಅರ್ಜಿ ಹಾಕಿದ್ದಾರೆ. ಟೌನ್‌ಹೋಮ್ ಅಂದರೆ ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ, ಎರಡು ಮೂರು ಅಂತಸ್ತಿನ ಮನೆಗಳು.

ನಮ್ಮಲ್ಲಿ ತೋಟವನ್ನು ಸೈಟ್ ಮಾಡಬೇಕಾದರೆ ಕನ್ವರ್ಷನ್ ಬೇಕಲ್ವಾ, ಇಲ್ಲಿ ರೀಜೋನಿಂಗ್ ಬೇಕು, ಅಂದರೆ ಆ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮವನ್ನೇ ಬದಲಿಸಬೇಕು. ಆದರೆ ದಾರಿ ಬೇರೆ. ಗಡಿಗೆ ತಾಗಿದ ಜಾಗದ ಮಾಲೀಕರಿಗೆಲ್ಲ ಜನರ ಅಭಿಪ್ರಾಯ ಕೇಳುವ ಸಭೆಗೆ 10ರಿಂದ 25 ದಿನ ಮೊದಲು ಕಾಗದ ಕಳಿಸಬೇಕು. ಜಾಗದಲ್ಲಿ ಬೋರ್ಡ್ ನೆಡಬೇಕು. ಪತ್ರಿಕೆಯಲ್ಲಿ ಎರಡು ವಾರ ಜಾಹೀರಾತು ಬರಬೇಕು. ಇದೆಲ್ಲ ರಾಜ್ಯದ ಕಾನೂನಿನಲ್ಲೇ ಇದೆ. ಮೊದಲು ಪ್ಲಾನಿಂಗ್ ಬೋರ್ಡ್ ಅರ್ಜಿ ನೋಡಿ ಸಲಹೆ ಕೊಡುತ್ತದೆ. ಕೊನೆಗೆ ಓಟು ಹಾಕುವುದು ಜನ ಆರಿಸಿದ ಕೌನ್ಸಿಲ್. ಊರು ಮುಂದೆ ಹೇಗೆ ಬೆಳೆಯಬೇಕು ಎಂಬ ಒಟ್ಟು ಯೋಜನೆಗೆ ಈ ಅರ್ಜಿ ಹೊಂದುತ್ತದೋ ಇಲ್ಲವೋ ಎಂದು ಅವರು ಬರೆದೇ ಹೇಳಬೇಕು.

ಸಭೆಯ ದಿನ ಕೂರಲು ಜಾಗವಿರಲಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ. ಗಡಿಯಾರ ಎದುರಿಗೇ ಓಡುತ್ತಿತ್ತು. ಟ್ರಾಫಿಕ್, ಪಾರ್ಕಿಂಗ್, ಶಾಲೆಯಲ್ಲಿ ಸೀಟು, ಹಳೇ ಓಕ್ ಮರಗಳು ಅಂತ ಹೆಚ್ಚಿನವರು ವಿರೋಧವೇ ಹೇಳಿದರು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮ ಕೈಗೆಟುಕಿದ್ದೂ ಟೌನ್‌ಹೋಮೇ. ಸಣ್ಣ ಮನೆ ಬೇಡ ಅಂದರೆ ಸಣ್ಣ ಸಂಬಳದವರು ಎಲ್ಲಿಗೆ ಹೋಗಬೇಕು?

ನಾನು ಎದ್ದದ್ದು ನೀರಿನ ಮಾತಾಡಲು. 2018ರ ಆಗಸ್ಟ್ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದಾಗ ನಾನು ಇಲ್ಲಿ ರಾತ್ರಿಯಿಡೀ ಫೋನ್ ಹಿಡಿದು ಕೂತಿದ್ದೆ. ಮಳೆ ವಿಪರೀತ ಬಂದದ್ದು ನಿಜ. ಆದರೆ ಮನೆಗೆ, ರಸ್ತೆಗೆ ಅಂತ ಗುಡ್ಡ ಕಡಿದದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ನಾನು ಕೌನ್ಸಿಲಿಗೆ ಕೇಳಿದ್ದು ಇಷ್ಟೇ. ಇಳಿಜಾರು ಕಡಿದು, ಮೇಲೆ ಸೂರು ಮತ್ತು ಟಾರು ಹಾಕಿದರೆ ಮಳೆ ನೀರು ಇಂಗುವುದಿಲ್ಲ. ಎಲ್ಲ ಒಟ್ಟಿಗೆ ತೋಡಿಗೆ ಬರುತ್ತದೆ. ಅದನ್ನು ತಡೆದು ನಿಧಾನ ಬಿಡುವ ಕೆರೆ ಎಷ್ಟು ದೊಡ್ಡದು? ಎಂಜಿನಿಯರ್ ಎದ್ದು ನಕ್ಷೆ ತೋರಿಸಿ ಉತ್ತರ ಕೊಟ್ಟರು. ನನ್ನ ಉಚ್ಚಾರ ಯಾರಿಗೂ ಅಡ್ಡಿಯಾಗಲಿಲ್ಲ. ಮನಸ್ಸಿಗೆ ತುಂಬಾ ಸಮಾಧಾನವಾಯಿತು.

ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಮೈಕಿನ ಹತ್ತಿರ ಬಂದರು. ಆ 12 ಮನೆಗಳಲ್ಲಿ ಒಂದರಲ್ಲಿ ಬಾಡಿಗೆಗಿರುವವರು. "ನನಗೆ ಕಾಗದ ಬಂದಿಲ್ಲ. ಬೋರ್ಡ್ ನೋಡಿ ಗೊತ್ತಾಯಿತು" ಅಂದರು. ಮೂರು ನಿಮಿಷ ಪೂರ್ತಿ ಮಾತಾಡಲೂ ಇಲ್ಲ. ಹೋಗಿ ಕೂತರು.

ತೋಡಿನ ಈಚೆ ಇರುವ ನನಗೆ ಕಾಗದ. ಮನೆಯನ್ನೇ ಕಳೆದುಕೊಳ್ಳುವವರಿಗೆ ಇಲ್ಲ. ಕಾನೂನು ಕಾಗದ ಕಳಿಸುವುದು ಮಾಲೀಕರಿಗೆ ಮಾತ್ರ. ಆ ಕ್ಷಣ ನನಗೆ ನೆನಪಾದದ್ದು ನಮ್ಮ ಕಾಫಿ ತೋಟಗಳ ಲೈನ್ ಮನೆಗಳು, ಅಂದರೆ ತೋಟದ ಕೆಲಸಗಾರರು ಇರುವ ಸಾಲು ಮನೆಗಳು. ಎರಡು ಮೂರು ತಲೆಮಾರು ಅಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಪಹಣಿಯಲ್ಲಿ ಅವರ ಹೆಸರಿಲ್ಲ. ತೋಟ ಕೈ ಬದಲಾದರೆ ಅವರನ್ನು ಯಾರು ಕೇಳುತ್ತಾರೆ? 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅವರ ಹತ್ತಿರವೂ ಜಾಗದ ಕಾಗದ ಇರಲಿಲ್ಲ.

ನಮ್ಮಲ್ಲಿ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನೂ ಇದೆ. ಅಲ್ಲಿ ಲೈನ್ ಮನೆಯವರಿಗೂ ಓಟಿದೆ, ಮಾತಿಗೆ ಹಕ್ಕಿದೆ. ಇದು ಸಣ್ಣದಲ್ಲ. ಆದರೂ ಪಕ್ಕದ ತೋಟ ಲೇಔಟ್ ಆಗುತ್ತಿದೆ ಅಂತ ನಮಗೆ ಗೊತ್ತಾಗುವುದು ಜೆಸಿಬಿ ಸದ್ದು ಕೇಳಿದ ಮೇಲೆ. ನೆಲ ಕಡಿಯುವ ಮೊದಲು ಒಂದು ಬೋರ್ಡ್ ನೆಡಲು ಎಷ್ಟು ಖರ್ಚಾದೀತು? ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಇದನ್ನು ಕೇಳಿ, ದಯವಿಟ್ಟು.

ಕೌನ್ಸಿಲ್ ಅವತ್ತು ಓಟು ಹಾಕಲಿಲ್ಲ. ಮುಂದಿನ ತಿಂಗಳಿಗೆ ಮುಂದೂಡಿದರು. ಡೆವಲಪರ್ 44ನ್ನು 38ಕ್ಕೆ ಇಳಿಸಲು, ತೋಡಿನ ಬದಿ ಮರ ಉಳಿಸಲು ಒಪ್ಪಿದ್ದಾರೆ. ಬಾಡಿಗೆಯವರಿಗೆ ಸಮಯ, ಸಾಗಿಸುವ ಖರ್ಚು ಕೊಡುವ ಮಾತು ಷರತ್ತಿನಲ್ಲಿ ಇನ್ನೂ ಬಂದಿಲ್ಲ. ಕೌನ್ಸಿಲ್ ಬಲವಂತ ಮಾಡುವ ಹಾಗಿಲ್ಲ, ಅರ್ಜಿದಾರರು ಬರೆದು ಒಪ್ಪಬೇಕು. ನಿನ್ನೆ ತೋಡು ದಾಟಿ ಹೋಗಿ ಆ ಅಜ್ಜಿಯನ್ನು ಮಾತಾಡಿಸಿದೆ. ಮುಂದಿನ ಸಭೆಯಲ್ಲಿ ನನ್ನ ಮೂರು ನಿಮಿಷವನ್ನು ಆ 12 ಮನೆಗಳಿಗಾಗಿ ಬಳಸುತ್ತೇನೆ ಅಂದೆ. ಏನೇನು ಹೇಳಬೇಕು ಅಂತ ಇಬ್ಬರೂ ಅವರ ಅಡುಗೆಮನೆಯ ಮೇಜಿನ ಮೇಲೆ ಬರೆದುಕೊಂಡೆವು.